ಎಡಗಡೆಯ ಕಿಟಕಿ

ನರಸಿಂಹರಾಜಪುರ
12 ಆಗಸ್ಟ್ 2024

ತಮ್ಮ ಶಾಂತುವಿಗೆ ಅಕ್ಕನ ಆಶೀರ್ವಾದ.

ಆಶೀರ್ವಾದ ಬರೆದಿದ್ದಾಳೆ, ಸಿಟ್ಟು ಇಳಿದಿರಬೇಕು ಎಂದುಕೊಳ್ಳಬೇಡ. ಹರಿಹರಪುರದ ಗೃಹಪ್ರವೇಶದಲ್ಲಿ ನಿನ್ನ ಪಕ್ಕದ ಕುರ್ಚಿಗೇ ಬಂದು ಕೂತೆ, ನಿನ್ನ ಎಡಕ್ಕೆ. ನೀನು ಆ ಕಡೆ ಕೂತ ಅಡಿಕೆ ಮಂಡಿಯವರಿಗೆ ಪಂಪ್‌ಸೆಟ್ಟಿನ ಪುರಾಣ ಹೇಳುತ್ತಲೇ ಇದ್ದೆ. ಸ್ವಲ್ಪ ಹೊತ್ತು ಕಾದೆ. ಕರೆಯಬಹುದಿತ್ತು, ನಿಜ. ಆದರೆ ಕಿವಿ ಮಂದವಾದ ಮೇಲೆ ನನ್ನ ದನಿಯ ಅಳತೆ ನನಗೇ ಸಿಗುವುದಿಲ್ಲ; ಮೆಲ್ಲಗೆ ಕರೆದೆ ಎಂದುಕೊಂಡರೂ ಇಡೀ ಪೆಂಡಾಲ್ ತಿರುಗಿ ನೋಡುತ್ತದೆ. ಕೊನೆಗೆ ಎದ್ದು ನಿನ್ನ ಹೆಂಡತಿ ಹೊನ್ನಮ್ಮನ ಜೊತೆ ಊಟಕ್ಕೆ ಹೋದೆ. ಒಡಹುಟ್ಟಿದವಳು ಬಂದು ಕೂತರೂ ಮುಖ ತಿರುಗಿಸಲಿಲ್ಲವಲ್ಲ ಎಂದು ತುಂಬಾ ಬೇಜಾರಾಯಿತು. ಹೇಳಿಬಿಟ್ಟೆ, ಇನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಈಗ ಕೆಲಸದ ಮಾತು. ಕೊಪ್ಪದ ಕಾಂತೇಶ್ ಕಾರ್ತೀಕದಲ್ಲಿ ಕಾಠ್ಮಂಡುವಿಗೆ ಯಾತ್ರೆ ಹೊರಡಿಸುತ್ತಿದ್ದಾನೆ. ಪಶುಪತಿನಾಥನ ದರ್ಶನ. ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ಕಾಠ್ಮಂಡು, ಎಲ್ಲ ವಿಮಾನದಲ್ಲೇ. ನನ್ನ ಮಗ ವೀರೇಶ ಹೋಗಿ ನನ್ನ ಹೆಸರು, ನಿನ್ನ ಹೆಸರು, ಹೊನ್ನಮ್ಮನ ಹೆಸರು ಬರೆಸಿ ಬಂದಿದ್ದಾನೆ. ಬರುವುದಿಲ್ಲ ಎನ್ನಬೇಡ. ದೆಹಲಿ ದಾಟಿದ ಮೇಲೆ ಕಿಟಕಿಯಲ್ಲಿ ಹಿಮಾಲಯ ಕಾಣುತ್ತದಂತೆ, ಆದರೆ ವಿಮಾನದ ಒಂದೇ ಪಕ್ಕಕ್ಕೆ. ಯಾವ ಪಕ್ಕ ಬೇಕೆಂದು ಮೊದಲೇ ಹೇಳಿದರೆ ಕಾಂತೇಶ್ ಆ ಸೀಟು ಹಿಡಿಸಿಕೊಡುತ್ತಾನಂತೆ. ಬಾಳೆಹೊನ್ನೂರಿನಲ್ಲಿ ಅಪ್ಪನ ಅಂಗಡಿ ಗೋಡೆಯ ಮೇಲೆ ಹಿಮಾಲಯದ ಕ್ಯಾಲೆಂಡರ್ ಇತ್ತಲ್ಲ, ಆ ಬೆಟ್ಟವನ್ನು ನಿಜವಾಗಿ ನೋಡುವವರು ನಮ್ಮ ಮನೆಯಲ್ಲಿ ನಾವೇ ಮೊದಲು.

ಕಿಟಕಿ ನಿನಗೇ. ಚಿಕ್ಕಂದಿನಲ್ಲಿ ಬಸ್ಸು ಹತ್ತಿದ ಕೂಡಲೇ ನನಗೆ ಮೊಣಕೈಯಲ್ಲಿ ತಿವಿದು ಹೊಳೆ ಕಾಣುವ ಕಡೆಯ ಕಿಟಕಿಗೆ ಓಡುತ್ತಿದ್ದವನು ನೀನು. ಈಗ ನಾನಾಗಿಯೇ ಕೊಡುತ್ತಿದ್ದೇನೆ, ತಿವಿಯುವ ಕಷ್ಟ ಬೇಡ. ಯಾವ ಪಕ್ಕ ಎಂದು ಮಾತ್ರ ಬರೆ. ಫೋನ್ ಮಾಡಬೇಡ, ನೀನು ಅಲ್ಲಿ ಕಿರುಚುವುದು, ನಾನು ಇಲ್ಲಿ ಹೂಂಗುಟ್ಟುವುದು, ಇಬ್ಬರಿಗೂ ಏನೂ ತಿಳಿಯದೆ ಇಡುವುದು ಸಾಕಾಗಿದೆ. ಮಾಮೂಲಿನಂತೆ ಕಂಡಕ್ಟರ್ ರೇಣುಕಪ್ಪನ ಕೈಯಲ್ಲಿ ಕಾಗದ ಕೊಡು. ಅವನು ಒಳ್ಳೆಯವನು, ಓದುವುದಿಲ್ಲ, ಓದಿದರೂ ಹೇಳುವುದಿಲ್ಲ.

ಇಂತಿ,
ಸಿಟ್ಟು ಅರ್ಧ ಇಳಿದ ಅಕ್ಕ,
ಸರ್ವಮಂಗಳಾ


ಜಯಪುರ
19 ಆಗಸ್ಟ್ 2024

ಅಕ್ಕನಿಗೆ ಶಾಂತವೀರಪ್ಪನ ಶರಣು.

ನೀನು ಬಂದು ಕೂತದ್ದು ದೇವರಾಣೆ ನನಗೆ ಗೊತ್ತಾಗಲಿಲ್ಲ. ಅವತ್ತು ನನ್ನ ತಲೆ ಪೂರ್ತಿ ಜೀಪಿನ ಮೇಲಿತ್ತು. ಬರುವ ದಾರಿಯಲ್ಲಿ ಯಾವನೋ ಪಿಕಪ್ಪಿನವನು ಎಡಗಡೆಯ ಕನ್ನಡಿಯನ್ನು ಉಜ್ಜಿ ಒಡೆದು ಹೋಗಿದ್ದ. ಹಾಕಿಸಿ ತುಂಬ ದಿನವೂ ಆಗಿರಲಿಲ್ಲ, ಮೊದಲಿನದೂ ಹೀಗೇ ಹೋಗಿದ್ದು. ಈ ರಸ್ತೆಯಲ್ಲಿ ಈಗ ಎಲ್ಲರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಗಾಡಿ ಬಿಡುವುದು. ಪುಣ್ಯಕ್ಕೆ ಮೊಮ್ಮಗಳು ಮೇಘನ ಜೊತೆಯಲ್ಲಿರುತ್ತಾಳೆ. ದಿನಾ ಅವಳನ್ನು ಶಾಲೆಗೆ ಬಿಡುವುದು ನಾನೇ ಅಲ್ಲವಾ, ಪಕ್ಕದಲ್ಲಿ ಕೂತು "ಅಜ್ಜಾ ಚರಂಡಿ, ಅಜ್ಜಾ ದನ" ಎಂದು ಹೇಳುತ್ತಾ ಬರುತ್ತಾಳೆ. ದೊಡ್ಡ ಬಸ್ಸಿನ ಕ್ಲೀನರ್ ಕೂಡ ಅಷ್ಟು ಚುರುಕಿರುವುದಿಲ್ಲ.

ಯಾತ್ರೆಗೆ ಬರುತ್ತೇನೆ. ಹೊನ್ನಮ್ಮ ಆಗಲೇ ಸ್ವೆಟರ್ ಹುಡುಕುತ್ತಿದ್ದಾಳೆ. ಅವಳಿಗೆ ಕಿಟಕಿ ಬೇಡವಂತೆ, ಕೆಳಗೆ ನೋಡಿದರೆ ತಲೆ ಸುತ್ತುತ್ತದಂತೆ, ನಡುದಾರಿಯ ಪಕ್ಕ ಕೂರುತ್ತಾಳಂತೆ.

ಯಾವ ಪಕ್ಕ ಎಂದು ಕೇಳಿದ್ದೀಯ. ಬಲಗಡೆ. ಇದರಲ್ಲಿ ಕೇಳುವುದಕ್ಕೆ ಏನಿದೆ ಮಾರಾಯ್ತಿ. ಬಸ್ಸಿನಲ್ಲಿ ಎಡಗಡೆ ಕೂತರೆ ಬಾಗಿಲು, ಹತ್ತುವವರ ಚೀಲ, ಇಳಿಯುವವರ ಕೊಡೆ, ತಿರುವಿನಲ್ಲಿ ಮುಖಕ್ಕೆ ಕೊಂಬೆ. ತಿಳಿದವರು ಡ್ರೈವರ್ ಕಡೆಗೇ ಕೂರುವುದು. ವಿಮಾನ ಎಂದರೆ ರೆಕ್ಕೆ ಇರುವ ಬಸ್ಸು, ಅಷ್ಟೇ. ಅದೂ ಅಲ್ಲದೆ ನಾವು ಹೋಗುತ್ತಿರುವುದು ದೇವರ ಕೆಲಸಕ್ಕೆ. ಪ್ರದಕ್ಷಿಣೆಯಲ್ಲಿ ದೇವರು ಬಲಗೈ ಕಡೆ ಇರಬೇಕು. ಹಿಮಾಲಯ ಎಂದರೆ ಶಿವನೇ. ಆದ್ದರಿಂದ ಬಲಗಡೆ ಎಂದು ಕಾಂತೇಶನಿಗೆ ಹೇಳಿಬಿಡು.

ಇಂತಿ ನಿನ್ನ ತಮ್ಮ,
ಶಾಂತವೀರಪ್ಪ


ನರಸಿಂಹರಾಜಪುರ
26 ಆಗಸ್ಟ್ 2024

ತಮ್ಮನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಮೊಮ್ಮಗಳು ಕೃತಿಕಾಳಿಗೆ ಓದಿ ಹೇಳಿದೆ. ವಿಮಾನ ಎಂದರೆ ರೆಕ್ಕೆ ಇರುವ ಬಸ್ಸು ಎಂದದ್ದಕ್ಕೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಅಡಿಗೆಮನೆಯಲ್ಲೇ ಪಾಠ ಮಾಡಿದಳು. ಹಿಟ್ಟಿನ ಡಬ್ಬಿ ದೆಹಲಿ, ಉಪ್ಪಿನ ಭರಣಿ ಕಾಠ್ಮಂಡು, ಲಟ್ಟಣಿಗೆ ವಿಮಾನ, ಒಲೆಯ ಹಿಂದಿನ ಗೋಡೆ ಹಿಮಾಲಯ. ವಿಮಾನ ಪೂರ್ವಕ್ಕೆ ಹೋಗುತ್ತದೆ, ಬೆಟ್ಟ ಉತ್ತರಕ್ಕಿದೆ, ಹಾಗಾಗಿ ಹೋಗುವಾಗ ಬೆಟ್ಟ ಎಡಕ್ಕೆ. ನಾನೇ ಲಟ್ಟಣಿಗೆ ಹಿಡಿದು ಆ ಕಡೆಯಿಂದ ಈ ಕಡೆಗೆ ನಡೆದು ನೋಡಿದೆ. ಮುಂದೆ ಹೋಗುವಾಗ ಗೋಡೆ ಎಡಕ್ಕೆ, ವಾಪಸ್ ಬರುವಾಗ ಬಲಕ್ಕೆ. ಸೊಸೆ ಬಂದು ನೋಡಿ, ಅತ್ತೆಗೆ ಏನಾಯಿತು ಎಂದು ಗಾಬರಿಯಾದಳು.

ಬರುವಾಗ ಬಲಕ್ಕೆ ಕೂತರಾಯಿತು ಎಂದು ನೀನು ಹೇಳುತ್ತೀಯ ಎಂದು ಗೊತ್ತು. ಅದನ್ನೂ ವೀರೇಶನ ಕೈಯಲ್ಲಿ ಕಾಂತೇಶನಿಗೆ ಕೇಳಿಸಿದೆ. ನಮ್ಮ ವಿಮಾನ ಬರುವುದು ಕತ್ತಲಾದ ಮೇಲೆ. ಆಗ ಯಾವ ಕಡೆ ಕೂತರೂ ಒಂದೇ. ಬೆಳಕಿನಲ್ಲಿ ಬೆಟ್ಟ ಸಿಗುವುದು ಹೋಗುವಾಗ ಮಾತ್ರ, ಎಡಗಡೆ ಮಾತ್ರ. ಬಲಗಡೆ ಕೂತವರಿಗೆ ಕಣ್ಣಿಗೆ ಹೊಡೆಯುವ ಬಿಸಿಲು, ಕೆಳಗೆ ಬಯಲು, ಅಷ್ಟೇ ಅಂತೆ.

ಆದ್ದರಿಂದ ಎಡಗಡೆಯ ಸಾಲು ಎಂದು ಇಟ್ಟುಕೊಂಡಿದ್ದೇನೆ. ಕಿಟಕಿಗೆ ನೀನು, ನಡುವೆ ನಾನು, ಈಚೆಗೆ ಹೊನ್ನಮ್ಮ. ನೀನು ಹೂಂ ಎಂದರೆ ಕಾಂತೇಶನಿಗೆ ತಿಳಿಸುತ್ತೇನೆ. ಅವನು ದಿನಾ ವೀರೇಶನಿಗೆ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದಾನೆ.

ಇಂತಿ,
ಲಟ್ಟಣಿಗೆ ಹಾರಿಸಿದ ಅಕ್ಕ,
ಸರ್ವಮಂಗಳಾ


ಜಯಪುರ
3 ಸೆಪ್ಟೆಂಬರ್ 2024

ಅಕ್ಕನಿಗೆ ಶರಣು.

ಕೃತಿಕಾಳ ಲೆಕ್ಕ ಸರಿ ಇರಬಹುದು. ನಾನು ಎಡಗಡೆ ಕೂರುವುದಿಲ್ಲ. ಶಿವನನ್ನು ಎಡಕ್ಕೆ ಇಟ್ಟುಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ನೀನು, ಹೊನ್ನಮ್ಮ ಎಡಗಡೆ ಕೂತು ಚೆನ್ನಾಗಿ ನೋಡಿ. ನನಗೆ ಬಲಗಡೆ ಕಿಟಕಿಯ ಪಕ್ಕ ಒಂದು ಸೀಟು ಹಿಡಿಸು, ಒಬ್ಬನೇ ಕೂರುತ್ತೇನೆ. ಬಯಲು ಕಂಡರೆ ಬಯಲು. ಅಲ್ಲೂ ಶಿವ ಇದ್ದಾನೆ.

ಅದಾಗುವುದಿಲ್ಲ ಎಂದರೆ ನನ್ನ ಹೆಸರು ತೆಗೆಸಿಬಿಡು. ಇದರ ಬಗ್ಗೆ ಮತ್ತೆ ಬರೆಯಬೇಡ.

ಶಾಂತವೀರಪ್ಪ


ನರಸಿಂಹರಾಜಪುರ
9 ಸೆಪ್ಟೆಂಬರ್ 2024

ಶಾಂತು,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದಾಗ ಮೊದಲು ಸಿಟ್ಟು ಬಂತು. ಗೃಹಪ್ರವೇಶದಲ್ಲಿ ಮುಖ ತಿರುಗಿಸಲಿಲ್ಲ, ಈಗ ಪಕ್ಕದಲ್ಲಿ ಕೂರುವುದೂ ಬೇಡವಾಯಿತಾ ಎನ್ನಿಸಿತು. ಈವತ್ತು ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತೆ. ಕೊರಳಿನಿಂದ ಇಷ್ಟಲಿಂಗ ತೆಗೆದು ಅಂಗೈ ಮೇಲೆ ಇಟ್ಟುಕೊಂಡೆ, ವಿಭೂತಿ ಹಚ್ಚಿದೆ, ಪತ್ರೆ ಇಡಲು ಹೋದವಳು ಅಲ್ಲೇ ನಿಂತೆ. ನನ್ನ ಲಿಂಗ ಇದ್ದದ್ದು ಎಡ ಅಂಗೈಯ ಮೇಲೆ. ನಿನ್ನದೂ ಅಲ್ಲೇ ಇರುತ್ತದೆ. ಅಪ್ಪ ನಮ್ಮಿಬ್ಬರಿಗೂ ಒಂದೇ ಮಣೆಯ ಮೇಲೆ ಕೂರಿಸಿ ಎಡಗೈ ಹಿಡಿದು ಕಲಿಸಿದ್ದು. ಬುದ್ಧಿ ಬಂದಾಗಿನಿಂದ ದಿನಾ ಬೆಳಿಗ್ಗೆ ಶಿವನನ್ನು ಎಡಗೈಯಲ್ಲೇ ಹಿಡಿದು ಕೂರುವವನಿಗೆ ಎಡ ಎಂದರೆ ಯಾವಾಗಿಂದ ಆಗದೆ ಹೋಯಿತು?

ನಮ್ಮ ಜನದಲ್ಲಿ ಬೇರೆ ಯಾರೇ ಓದಿದರೂ ಇದು ನೆವ ಎಂದು ಹೇಳುತ್ತಾರೆ. ನೀನು ಅವಸರದಲ್ಲಿ ಕೈಗೆ ಸಿಕ್ಕಿದ ನೆವ ಹೇಳಿದ್ದೀಯ. ಅವಸರ ಯಾಕೆ ಎಂದು ಕೂತಲ್ಲೇ ಯೋಚಿಸಿದೆ. ಎಡಕ್ಕೆ ಕೂತ ನಾನು ನಿನಗೆ ಕಾಣಲಿಲ್ಲ. ಜೀಪಿನ ಎಡಗಡೆಯ ಕನ್ನಡಿ ಮತ್ತೆ ಮತ್ತೆ ಒಡೆಯುತ್ತದೆ. ಎಡಗಡೆಯ ಚರಂಡಿಯನ್ನು ಮಗು ಹೇಳಬೇಕು. ಎಡಗಡೆಯ ಕಿಟಕಿ ಬೇಡ.

ನಿನಗೆ ಎಡಗಣ್ಣು ಕಾಣುತ್ತಿಲ್ಲ, ಅಲ್ಲವಾ ಶಾಂತು?

ನೀನು ಬೇಕೆಂದು ನನ್ನನ್ನು ನೋಡದೆ ಇದ್ದದ್ದಲ್ಲ ಎಂದು ತಿಳಿದು ಒಂದು ಗಳಿಗೆ ಹಾಯೆನಿಸಿತು. ಅದಾದ ಮೇಲೆ ದಿನಾ ನಿನ್ನ ಜೀಪಿನಲ್ಲಿ ಕೂರುವ ಮೇಘನ ನೆನಪಾದಳು. ನಾನು ಇನ್ನೂ ಯಾರಿಗೂ ಹೇಳಿಲ್ಲ. ಹೊನ್ನಮ್ಮನಿಗೆ ನೀನೇ ಹೇಳಬೇಕು. ಆದರೆ ಜೀಪಿನ ಕೀಲಿಯನ್ನು ಈವತ್ತೇ ನಿನ್ನ ಮಗ ರಾಜಶೇಖರನ ಕೈಯಲ್ಲಿ ಕೊಡು. ಕೊಟ್ಟೆ ಎಂದು ನಿನ್ನ ಕೈಯಿಂದ ಕಾಗದ ಬರಬೇಕು. ಬರದಿದ್ದರೆ ನಾನೇ ಬಸ್ಸು ಹತ್ತಿ ಬಂದು, ನಿನ್ನ ಅಂಗಡಿಯ ಮುಂದೆ ನಿಂತು, ಈ ನನ್ನ ಅಳತೆಯಿಲ್ಲದ ದನಿಯಲ್ಲಿ ಕೇಳುತ್ತೇನೆ. ಜಯಪುರದ ಪೇಟೆಗೆಲ್ಲ ಕೇಳುತ್ತದೆ.

ನಿನ್ನ ಅಕ್ಕ


ಜಯಪುರ
10 ಸೆಪ್ಟೆಂಬರ್ 2024

ಅಕ್ಕ,

ಕೀಲಿ ಕೊಟ್ಟೆ. ಮಂಡಿ ನೋವು, ಕ್ಲಚ್ ಒತ್ತಲಾಗುವುದಿಲ್ಲ ಎಂದು ಹೇಳಿದ್ದೇನೆ. ಬರಬೇಡ.

ಶಾಂತು


ಜಯಪುರ
25 ಸೆಪ್ಟೆಂಬರ್ 2024

ಅಕ್ಕಾ,

ಬರೆಯುವುದು ಹರಿಯುವುದು ಮಾಡುತ್ತಲೇ ಇಷ್ಟು ದಿನವಾಯಿತು. ಇದನ್ನು ಕೃತಿಕಾಳ ಮುಂದೆ ಓದಬೇಡ.

ನೀನು ಹೇಳಿದ್ದು ನಿಜ. ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಶುರುವಾಯಿತು. ಕನ್ನಡಕ ಒರೆಸಿದರೆ ಸರಿಹೋಗುತ್ತದೆ ಎಂದು ದಿನಾ ಒರೆಸುತ್ತಿದ್ದೆ. ಪೂರ್ತಿ ಹೋಗಿದೆ ಎಂದು ತಿಳಿದದ್ದು ಲಿಂಗಪೂಜೆಯಲ್ಲೇ. ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾ ಕೂತಿದ್ದೆ, ಬಲಗಣ್ಣಿಗೆ ವಿಭೂತಿಯ ಪುಡಿ ಬಿತ್ತು. ಆ ಕಣ್ಣು ಮುಚ್ಚಿಕೊಂಡೆ. ಅಂಗೈ ಖಾಲಿ. ಲಿಂಗ ಕೈಯಲ್ಲಿದೆ, ಅದರ ತಣ್ಣನೆಯ ಭಾರ ಗೊತ್ತಾಗುತ್ತಿದೆ, ಕಾಣುವುದಿಲ್ಲ. ಎಲ್ಲ ಬಿಳಿ. ಅಂಚೇ ಇಲ್ಲದ ಬಿಳಿ, ಹಾಲಿನೊಳಗೆ ಕಣ್ಣು ಬಿಟ್ಟ ಹಾಗೆ. ಅಂದಿನಿಂದ ದಿನಾ ಬಲಗಣ್ಣು ಮುಚ್ಚಿ ನೋಡುತ್ತೇನೆ, ಕಾಣದೆ ಮತ್ತೆ ತೆರೆಯುತ್ತೇನೆ. ಪೂಜೆ ಹೋಗಿ ಪರೀಕ್ಷೆಯಾಗಿಬಿಟ್ಟಿದೆ, ದಿನವೂ ನಪಾಸು.

ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ನೀನು ಕೇಳುತ್ತೀಯ. ಅಪ್ಪನಿಗೂ ಮೊದಲು ಹೋದದ್ದು ಎಡಗಣ್ಣು. ಪೊರೆ ಅಂದರು, ತೆಗೆದರು, ಬೆಳಕು ಬರಲಿಲ್ಲ. ಒತ್ತಡದಿಂದ ಒಳಗಿನ ನರ ಸತ್ತಿದೆ ಅಂದರು. ಆಮೇಲೆ ಬಲಗಣ್ಣೂ ಅದೇ ದಾರಿ ಹಿಡಿಯಿತು. ಕಾಣದೆ ಹೋದ ಮೇಲೂ ಆ ಹಿಮಾಲಯದ ಕ್ಯಾಲೆಂಡರ್ ತೆಗೆಯಲು ಬಿಡಲಿಲ್ಲ, ಕೈಯಲ್ಲಿ ಸವರಿ ನೋಡುತ್ತಿದ್ದರು. ನನಗೂ ಅದೇ ಬಂದಿದೆ ಎಂದು ಯಾರಾದರೂ ಹೇಳಿದರೆ ನಾನು ಏನು ಮಾಡಲಿ. ಹೋಗಿ ಕೇಳದೆ ಇದ್ದಷ್ಟು ದಿನ ಬರೀ ಪೊರೆ ಇರಬಹುದು ಎಂದುಕೊಂಡಾದರೂ ಇರಬಹುದಲ್ಲ.

ವಿಮಾನದಲ್ಲಿ ಎಡಗಡೆ ಕೂತರೆ ಬೆಟ್ಟ ನೋಡಲು ಕತ್ತು ಪೂರ್ತಿ ತಿರುಗಿಸಬೇಕು. ಅಪ್ಪ ಕೊಟ್ಟ ಮೂಗು ನಿನಗೆ ಗೊತ್ತು, ಅರ್ಧ ಹಿಮಾಲಯಕ್ಕೆ ಅದೇ ಅಡ್ಡ ನಿಲ್ಲುತ್ತದೆ. ಪಕ್ಕದಲ್ಲಿ ಕೂತ ನೀನು ಒಂದೇ ಗಳಿಗೆಯಲ್ಲಿ ಕಂಡುಹಿಡಿಯುತ್ತೀಯ ಎಂದು ಹೆದರಿದೆ. ನೋಡಿದರೆ ಮನೆಯಲ್ಲಿ ಕೂತೇ ಕಂಡುಹಿಡಿದೆ.

ಮೇಘನಳ ವಿಷಯ. ಜುಲೈನಲ್ಲಿ ಒಂದು ದಿನ ಸೈಕಲ್ಲಿನವನೊಬ್ಬ ಎಡಕ್ಕೆ ಬಂದದ್ದು ನನಗೆ ಕಾಣಲಿಲ್ಲ. ಅವಳು ಕೂಗಿ ಸ್ಟೇರಿಂಗ್‌ಗೆ ಕೈ ಹಾಕಿದಳು. ಯಾರಿಗೂ ಏನೂ ಆಗಲಿಲ್ಲ. ಈಗ ಅವಳು ರಾಜಶೇಖರನ ಬೈಕಿನಲ್ಲಿ ಶಾಲೆಗೆ ಹೋಗುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ, ಅಂಗಡಿಗೆ ಹೋಗಿ ಕೂರುತ್ತೇನೆ. ಎದೆಯ ಮೇಲಿನ ಒಂದು ಚೀಲ ಇಳಿದಿದೆ. ಇನ್ನೊಂದು ಹಾಗೇ ಇದೆ.

ಶಾಂತು


ನರಸಿಂಹರಾಜಪುರ
27 ಸೆಪ್ಟೆಂಬರ್ 2024

ನನ್ನ ಶಾಂತು,

ನಿನಗೆ ಗೊತ್ತಿಲ್ಲದ ಒಂದು ಮಾತು. ನೀನು ಆಗ ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದೆ. ಅಪ್ಪ ಕಣ್ಣು ಮಂಜಾಗಿದೆ ಎಂದು ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. ಅಂಗಡಿಗೆ ಬೀಗ ಹಾಕುವಾಗ ತಡವುವುದನ್ನು ನೋಡಿ ಅಮ್ಮ ಹಿಡಿದದ್ದು. ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ನಾನು, ಆಗ ನನ್ನ ಕಿವಿ ಚುರುಕಾಗಿತ್ತು. ಡಾಕ್ಟರು ಹೇಳಿದ್ದು ಇನ್ನೂ ಹಾಗೇ ಇದೆ ಕಿವಿಯಲ್ಲಿ: "ಇಷ್ಟು ದಿನ ಎಲ್ಲಿದ್ರಿ ಯಜಮಾನ್ರೇ, ಮೊದಲೇ ಬಂದಿದ್ರೆ ಉಳಿಸಬಹುದಿತ್ತು." ಅಪ್ಪ ನಿನ್ನ ಹಾಗೆಯೇ ಹೆದರಿ ಸುಮ್ಮನಿದ್ದವರು. ಮೂಗು ತೆಗೆದುಕೊಂಡಿದ್ದೀಯ, ಇರಲಿ. ಇದನ್ನು ತೆಗೆದುಕೊಳ್ಳಬೇಡ.

ಸೋಮವಾರ ಬೆಳಿಗ್ಗೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ. ಹೊನ್ನಮ್ಮನನ್ನೂ ಕರೆದುಕೊಂಡು ಬಾ, ಬರುವ ದಾರಿಯಲ್ಲಿ ಅವಳಿಗೆ ಹೇಳು. ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಒಟ್ಟಿಗೆ ಹೋಗೋಣ. ಬಸ್ಸಿನಲ್ಲಿ ನೀನು ಯಾವ ಪಕ್ಕ ಬೇಕಾದರೂ ಕೂತುಕೋ.

ಅಕ್ಕ


ಜಯಪುರ
1 ಅಕ್ಟೋಬರ್ 2024

ಅಕ್ಕಾ,

ನಿನ್ನೆ ಡಾಕ್ಟರು ಹೇಳಿದ್ದು ನಿನಗೆ ಕೇಳಲಿಲ್ಲ. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತದ್ದು ಮಾತ್ರ ಕಂಡಿತು. ಹೊನ್ನಮ್ಮ ನಿನ್ನ ಕಿವಿಯ ಹತ್ತಿರ ಬಂದು ಹೇಳಿದಳಾದರೂ ಅವಳೂ ಅಳುತ್ತಿದ್ದದ್ದರಿಂದ ನೀನು ಗಾಬರಿಯಿಂದಲೇ ಊರಿಗೆ ಹೋಗಿರುತ್ತೀಯ. ಅದಕ್ಕೆ ನೆಟ್ಟಗೆ ಬರೆಯುತ್ತಿದ್ದೇನೆ.

ಒತ್ತಡ ಸರಿಯಾಗಿದೆಯಂತೆ. ಎರಡೂ ಕಣ್ಣಿನದು. ಅಪ್ಪನ ರೋಗದ ಗುರುತು ಬಲಗಣ್ಣಿನಲ್ಲಿ ಇಲ್ಲವೇ ಇಲ್ಲ ಎಂದರು. ಎಡಗಣ್ಣಿನ ಪೊರೆ ಹಣ್ಣಾಗಿ ಗಟ್ಟಿಯಾಗಿದೆ, ಅದರ ಹಿಂದಿನ ನರ ಅವರಿಗೂ ಕಾಣುವುದಿಲ್ಲ. ಅದಕ್ಕೆ ಬಲಗಣ್ಣು ಮುಚ್ಚಿಸಿ, ಕೋಣೆ ಕತ್ತಲು ಮಾಡಿ, ಎಡಗಣ್ಣಿಗೆ ಟಾರ್ಚ್ ಹಿಡಿದು ಬೆಳಕು ಯಾವ ಕಡೆಯಿಂದ ಬರುತ್ತಿದೆ ಹೇಳಿ ಎಂದು ಕೇಳಿದರು. ನಾನು ಎಡ ಅಂದೆ, ಮೇಲೆ ಅಂದೆ, ಬಲ ಅಂದೆ, ಕೆಳಗೆ ಅಂದೆ. ಎಲ್ಲ ಸರಿ ಬಂತು. ನರ ಸತ್ತವರಿಗೆ ಹಾಗೆ ಹೇಳಲು ಬರುವುದಿಲ್ಲವಂತೆ. ಪೂರ್ತಿ ತಿಳಿಯುವುದು ಪೊರೆ ತೆಗೆದ ಮೇಲೆ, ಆದರೆ ನಂಬಿಕೆ ಇಡಿ ಎಂದರು. ಹದಿನೈದಕ್ಕೆ ಆಪರೇಷನ್.

ಎಡ ಯಾವುದು ಬಲ ಯಾವುದು ಎಂದು ಹೇಳಿ ಇಷ್ಟು ಸಂತೋಷಪಟ್ಟವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಮನೆಯಲ್ಲಿ ಎಲ್ಲರಿಗೂ ಹೇಳಿದೆ. ರಾಜಶೇಖರ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೋಗಿ ಜೀಪಿನ ಎಡಗಡೆಯ ಗೆರೆಗಳನ್ನೆಲ್ಲ ನೋಡಿ ಬಂದು ನನ್ನ ಪಕ್ಕದಲ್ಲಿ ಕೂತ.

ನಿನ್ನ ತಮ್ಮ,
ಶಾಂತು


ಜಯಪುರ
17 ಅಕ್ಟೋಬರ್ 2024

ಅಕ್ಕಾ,

ಪಟ್ಟಿ ಬಿಚ್ಚಿದರು. ಕಾಣುತ್ತದೆ.

ಹೆಚ್ಚು ಬರೆಯಬಾರದು ಎಂದಿದ್ದಾರೆ, ಹೊನ್ನಮ್ಮ ಪಕ್ಕದಲ್ಲಿ ನಿಂತು ಕಾಗದ ಕಿತ್ತುಕೊಳ್ಳಲು ಕಾಯುತ್ತಿದ್ದಾಳೆ. ಅವಳು ಉಟ್ಟ ಸೀರೆಯನ್ನು ಇಷ್ಟು ದಿನ ಹಸಿರು ಎಂದುಕೊಂಡಿದ್ದೆ. ಅದು ನೀಲಿ. ಬಲಗಣ್ಣಿಗೆ ಈಗಲೂ ಹಸಿರೇ, ಎಡಗಣ್ಣಿಗೆ ನೀಲಿ. ಬಲಗಡೆಯೂ ಪೊರೆ ಕಟ್ಟುತ್ತಿದೆ, ಮುಂದಿನ ವರ್ಷ ನೋಡೋಣ ಎಂದು ಡಾಕ್ಟರು ನಕ್ಕರು. ನನಗೂ ಹೆದರಿಕೆಯಾಗಲಿಲ್ಲ. ಪ್ರಯಾಣಕ್ಕೆ ಅಡ್ಡಿಯಿಲ್ಲ, ಔಷಧಿ ಹನಿ ಬಿಟ್ಟುಕೊಳ್ಳಬೇಕು ಅಷ್ಟೇ.

ಕಾಂತೇಶನಿಗೆ ಹೇಳು. ಎಡಗಡೆ.

ಶಾಂತು


ನರಸಿಂಹರಾಜಪುರ
28 ನವೆಂಬರ್ 2024

ತಮ್ಮನಿಗೆ ಅಕ್ಕನ ಆಶೀರ್ವಾದ, ಈ ಸಲ ಪೂರ್ತಿ ಮನಸ್ಸಿನಿಂದ.

ಸುಖವಾಗಿ ಬಂದು ಸೇರಿದೆವು. ಬಂದವಳೇ ಪ್ರಸಾದ ಹಂಚಿದೆ, ರುದ್ರಾಕ್ಷಿ ಹಂಚಿದೆ. ಕೃತಿಕಾ ಬೆಟ್ಟ ಕಂಡಿತಾ ಅಜ್ಜಿ ಎಂದು ಬರೆದು ತೋರಿಸಿದಳು. ಕಂಡಿತು ಎಂದೆ. ಸುಳ್ಳಲ್ಲ, ನಿನ್ನ ಭುಜದ ಮೇಲಿಂದ ಒಂದು ತುಂಡು ಕಂಡಿತು. ಸತ್ಯ ಹೇಳಬೇಕೆಂದರೆ ನಾನು ಹೆಚ್ಚು ಹೊತ್ತು ನೋಡಿದ್ದು ನಿನ್ನನ್ನು. ಕತ್ತು ತಿರುಗಿಸದೆ, ಆರಾಮವಾಗಿ ಒರಗಿ ಕೂತು, ಓರೆಗಣ್ಣಿನಲ್ಲೇ ಕಿಟಕಿಯ ಆಚೆ ನೋಡುತ್ತಿದ್ದೆಯಲ್ಲ, ಅದನ್ನು ನೋಡುತ್ತಾ ನನಗೆ ಬೆಟ್ಟ ಬೇಕು ಎನ್ನಿಸಲಿಲ್ಲ. ಸೆಪ್ಟೆಂಬರಿನಿಂದ ಹಿಡಿದಿಟ್ಟುಕೊಂಡ ಉಸಿರನ್ನು ಅಲ್ಲಿ ಬಿಟ್ಟೆ.

ನೀನು ಏನೇನೋ ಹೇಳುತ್ತಿದ್ದೆ. ವಿಮಾನದ ಮೊರೆತದಲ್ಲಿ ಒಂದು ಅಕ್ಷರವೂ ಕೇಳಲಿಲ್ಲ. ಸಂತೋಷದ ಮಾತೇ ಇರಬೇಕು ಎಂದು ಎಲ್ಲದಕ್ಕೂ ತಲೆ ಆಡಿಸಿದೆ.

ಒಂದೇ ಒಂದು ಗಳಿಗೆ ಹೆದರಿಕೆಯಾಯಿತು. ನೀನು ಮಾತು ನಿಲ್ಲಿಸಿ ಬಲಗೈಯಲ್ಲಿ ಬಲಗಣ್ಣು ಮುಚ್ಚಿಕೊಂಡೆ. ಎಡ ಅಂಗೈಯನ್ನು ಕಿಟಕಿಯ ಮುಂದೆ ಚಾಚಿ ಹಾಗೇ ಕೂತುಬಿಟ್ಟೆ. ಒಳ್ಳೆಯ ಕಣ್ಣಿಗೆ ಏನಾದರೂ ಆಯಿತೋ ಎಂದುಕೊಂಡೆ. ಕೇಳಿದರೆ ವಿಮಾನದವರೆಲ್ಲ ತಿರುಗಿ ನೋಡುತ್ತಾರೆ ಎಂದು ತುಟಿ ಕಚ್ಚಿ ಹಿಡಿದೆ. ನಿನ್ನ ಕೆನ್ನೆ ಒದ್ದೆಯಾಗಿತ್ತು, ಆದರೆ ನಗುತ್ತಿದ್ದೆ. ಆಮೇಲೆ ಇಳಿಯುವ ಗಡಿಬಿಡಿ, ದರ್ಶನದ ಸಾಲು, ಹೊನ್ನಮ್ಮನ ಚಪ್ಪಲಿ ಹುಡುಕುವುದು, ಕೇಳಲು ಆಗಲೇ ಇಲ್ಲ.

ಏನು ಹೇಳುತ್ತಿದ್ದೆ, ಏನು ಮಾಡುತ್ತಿದ್ದೆ, ಬರೆ. ರೇಣುಕಪ್ಪನೂ ಕಾಗದ ಇಲ್ಲವಾ ಅಮ್ಮ ಎಂದು ಕೇಳುತ್ತಿದ್ದಾನೆ.

ಇಂತಿ,
ಸರ್ವಮಂಗಳಾ


ಜಯಪುರ
2 ಡಿಸೆಂಬರ್ 2024

ಅಕ್ಕನಿಗೆ ಶರಣು.

ನಾನು ಹೇಳುತ್ತಿದ್ದದ್ದು ಇಷ್ಟೇ: "ಅಕ್ಕಾ, ನೀ ಈ ಕಡೆ ಬಾ, ಕಿಟಕಿಗೆ ಕೂರು, ನಾ ನೋಡಿಯಾಯ್ತು." ಹೇಳಿದಾಗಲೆಲ್ಲ ನೀನು ನಕ್ಕು ತಲೆ ಆಡಿಸಿ ಅಲ್ಲೇ ಕೂತಿದ್ದೆ. ಎಂಥ ಹಟಮಾರಿ ಇವಳು ಎಂದುಕೊಂಡೆ. ಹೊನ್ನಮ್ಮನ ಕೈಯಲ್ಲಾದರೂ ಹೇಳಿಸೋಣವೆಂದರೆ ಅವಳು ಕಣ್ಣು ಮುಚ್ಚಿಕೊಂಡು ಪಂಚಾಕ್ಷರಿ ಜಪಿಸುತ್ತಿದ್ದಳು. ಮುಂದೆ ಬಸ್ಸಿನಲ್ಲಾಗಲಿ ವಿಮಾನದಲ್ಲಾಗಲಿ ಕಿಟಕಿ ನಿನ್ನದು. ಬೇಡ ಎಂದರೆ ಮೊಣಕೈಯಲ್ಲಿ ತಿವಿದು ಕೂರಿಸುತ್ತೇನೆ.

ಇನ್ನು ಆ ಗಳಿಗೆಯ ವಿಷಯ.

ಮೊದಲು ಅದನ್ನು ಮೋಡ ಎಂದುಕೊಂಡೆ. ಕೆಳಗೆ ಮೋಡ ಸರಿಯುತ್ತಿತ್ತು, ಇದು ಸರಿಯಲಿಲ್ಲ. ಬೆಟ್ಟ ಎಂದು ಆಗ ತಿಳಿಯಿತು. ಎರಡೂ ಕಣ್ಣಿನಲ್ಲಿ ನೋಡಿದೆ. ಆದರೆ ಮನಸ್ಸಿನೊಳಗೆ ಹಳೆಯ ಕಳ್ಳ ಇನ್ನೂ ಕೂತಿದ್ದ. ಕಾಣುತ್ತಿರುವುದು ಬಲಗಣ್ಣಿಗೇ ಇರಬೇಕು, ಎಡಗಣ್ಣು ಸುಮ್ಮನೆ ಜೊತೆಗಿದೆ ಎಂದ. ಅದಕ್ಕೆ ಬಲಗಣ್ಣು ಮುಚ್ಚಿದೆ. ತಿಂಗಳುಗಟ್ಟಲೆ ದಿನಾ ಲಿಂಗಪೂಜೆಯಲ್ಲಿ ಮಾಡಿದ ಅಭ್ಯಾಸ, ಎಡಗೈ ತಾನಾಗಿಯೇ ಮೇಲೆ ಬಂತು. ಕಣ್ಣಿನ ಮಟ್ಟಕ್ಕೆ ಹಿಡಿದೆ.

ಆ ಕಣ್ಣಿಗೆ ಅಷ್ಟು ದಿನ ಕಂಡದ್ದು ಬರೀ ಬಿಳಿ. ಇದೂ ಬಿಳಿಯೇ. ಆದರೆ ಇದಕ್ಕೆ ಅಂಚಿತ್ತು ಅಕ್ಕಾ. ಸುತ್ತ ನೀಲಿ ಇತ್ತು. ಬೆಟ್ಟ ನನ್ನ ಎಡ ಅಂಗೈಯ ಮೇಲೆ ಕೂತಿತ್ತು.

ನಿನ್ನ ತಮ್ಮ,
ಶಾಂತು